ಒಂದಾದ ಮೇಲೆ ನಾಲ್ಕು

ನನ್ನ ಮಗಳಿಗೆ ಓದಿದ್ದು ಅರ್ಥವಾಗುವುದಿಲ್ಲ ಎಂದು ಬರೆದ ಕಾಗದವನ್ನು ಮಡಿಸಿದವಳು ನಾನೇ. ನಲವತ್ತು ಸಾವಿರ ಕಾಗದ. ನಮ್ಮ ಪ್ರೆಸ್ಸಿನಲ್ಲೇ ಅಚ್ಚಾಗಿ, ನಮ್ಮ ಬೈಂಡಿಂಗ್ ಕೋಣೆಯಲ್ಲೇ ಮಡಿಕೆಯಾಗಿ, ನೂರು ನೂರರ ಕಟ್ಟಾಗಿ ಶಾಲೆಗಳಿಗೆ ಹೋದವು. ಮೇಲೆ ಮಗುವಿನ ಹೆಸರು. ಕೆಳಗೆ ಪೋಷಕರ ಸಹಿ. ನಡುವೆ ಒಂದೇ ಸಾಲು: ‘ಓದಿ ಅರ್ಥಮಾಡಿಕೊಳ್ಳುವ ಶಕ್ತಿ – ಇದೆ / ಇಲ್ಲ.’ ಮಡಿಸುವಾಗ ಆ ಸಾಲನ್ನು ನಾನು ಓದಿಯೂ ಇದ್ದೆ. ಯಾರ ಮನೆ ಮಕ್ಕಳ ಪಾಲಿಗೆ ಬರುತ್ತದೋ ಎಂದುಕೊಂಡು ಮುಂದಿನ ಹಾಳೆ ಎಳೆದುಕೊಂಡಿದ್ದೆ. ಅದರಲ್ಲೊಂದು ನನ್ನ ಮನೆಗೇ ಬಂತು. ‘ಇದೆ’ ಎಂಬುದನ್ನು ಕೆಂಪು ಗೆರೆ ಎಳೆದು ಹೊಡೆದುಹಾಕಿದ್ದರು.

ಮೊದಲು ನನ್ನ ಕೆಲಸ ಹೇಳುತ್ತೇನೆ. ಹೇಳದಿದ್ದರೆ ನನ್ನ ಮಗಳು ಓದುವ ರೀತಿ ನಿಮಗೂ ಹುಚ್ಚಾಟವಾಗಿ ಕಾಣುತ್ತದೆ.

ಬೈಂಡಿಂಗ್ ಕೋಣೆಯಲ್ಲಿ ನಾವು ಏಳು ಹೆಂಗಸರು. ಉದ್ದನೆಯ ಮೇಜು. ಎರಡೂ ಕಡೆ ನಿಲ್ಲುತ್ತೇವೆ. ಮೊದಲು ಸ್ಟೂಲುಗಳಿದ್ದವು, ಕೂತರೆ ಕೈ ನಿಧಾನವಾಗುತ್ತದೆ ಎಂದು ಮೇಸ್ತ್ರಿ ಎತ್ತಿಸಿಹಾಕಿದ. ಅಚ್ಚಾದ ದೊಡ್ಡ ಹಾಳೆ ಬರುತ್ತದೆ. ಅರ್ಧಕ್ಕೆ ಮಡಿಸು, ಮರದ ಪಟ್ಟಿಯಿಂದ ಉಜ್ಜು. ತಿರುಗಿಸು, ಮತ್ತೆ ಅರ್ಧಕ್ಕೆ ಮಡಿಸು, ಉಜ್ಜು. ಇನ್ನೊಂದು ಸಲ. ಮೂರು ಮಡಿಕೆಗೆ ಹದಿನಾರು ಪುಟ. ಒಂದು ಪಾಳಿಗೆ ಎರಡು ಸಾವಿರ ಹಾಳೆ. ಕಾಗದ ನೋಡಲು ಮೆತ್ತಗೆ, ಅಂಚು ಮಾತ್ರ ಬ್ಲೇಡು. ಕುಯ್ದ ಬೆರಳಿಗೆ ಗೋಂದು ತಾಗಿದರೆ ಉರಿ ನೆತ್ತಿಗೇರುತ್ತದೆ. ಹನ್ನೊಂದು ವರ್ಷದಲ್ಲಿ ನನ್ನ ಬೆರಳಚ್ಚು ಸವೆದುಹೋಗಿದೆ. ರೇಷನ್ನಿನ ಮಷೀನಿನ ಮೇಲೆ ಹೆಬ್ಬೆಟ್ಟು ಒತ್ತಿದರೆ ‘ಇಂಥವರು ಯಾರೂ ಇಲ್ಲ’ ಎನ್ನುತ್ತದೆ. ಅದಕ್ಕೇ ಸಹಿ ಮಾಡಲು ಕಲಿತೆ. ಮೂರನೇ ತರಗತಿಗೆ ಶಾಲೆ ಬಿಟ್ಟವಳು, ಕೂಡಿಸಿ ಕೂಡಿಸಿ ಓದಿಕೊಳ್ಳುತ್ತೇನೆ.

ಗಂಡ ಎನ್ನುವವನೊಬ್ಬ ಇದ್ದ, ಹೋದ. ಈ ಕಥೆಗೆ ಅವನು ಬೇಡ.

ಮಗಳನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ. ಹಗಲು ಪಾಳಿಯಿದ್ದರೆ ಶಾಲೆ ಬಿಟ್ಟ ಕೂಡಲೇ ಅವಳು ಪ್ರೆಸ್ಸಿಗೆ ಬಂದು ನಮ್ಮ ಮೇಜಿನ ಕೆಳಗೆ ಕೂರುತ್ತಾಳೆ. ರಾತ್ರಿ ಪಾಳಿಯಿದ್ದರೆ ಪಕ್ಕದ ಮನೆಯವರ ಹತ್ತಿರ ಮಲಗುತ್ತಾಳೆ. ಎಳೆಗೂಸಾಗಿದ್ದಾಗ ದಿನವಿಡೀ ಕುಂಯ್ ಕುಂಯ್ ಎಂದು ರಾಗ ಎಳೆಯುತ್ತಿದ್ದಳು. ಗೋಂದಜ್ಜಿ ‘ಪಿಟೀಲು’ ಎಂದು ಕರೆದಳು, ಅದೇ ಉಳಿಯಿತು. ಗೋಂದಜ್ಜಿ ನಮ್ಮಲ್ಲಿ ಹಿರಿಯಳು. ಮೂವತ್ತು ವರ್ಷದಿಂದ ಗೋಂದು ಕಾಯಿಸಿ ಪುಸ್ತಕದ ಬೆನ್ನಿಗೆ ಬಳಿಯುತ್ತಾಳೆ. ಲಕ್ಷಗಟ್ಟಲೆ ಪುಸ್ತಕ ಅವಳ ಕೈಯಿಂದ ಹೋಗಿವೆ, ಒಂದಕ್ಷರ ಅವಳ ತಲೆಗೆ ಬಂದಿಲ್ಲ. ಬಾಯಿ ಮಾತ್ರ ಮೇಸ್ತ್ರಿಗೂ ಹೆದರುವುದಿಲ್ಲ.

ಮಷೀನು ಶುರುಮಾಡುವಾಗ ಮೊದಲ ಐವತ್ತರವತ್ತು ಹಾಳೆ ಹಾಳಾಗುತ್ತವೆ. ಮಸಿ ಸರಿಹೋಗುವವರೆಗೆ ಒಂದೇ ಕಡೆ ಅಚ್ಚಾಗಿ ಬಂದವು. ಅದನ್ನು ಮೇಜಿನ ಕೆಳಗೆ ಎಸೆಯುತ್ತಾರೆ. ಪಿಟೀಲು ಓದಲು ಕಲಿತದ್ದು ಅದರಲ್ಲಿ. ಮಡಿಸದ ಹಾಳೆಯಲ್ಲಿ ಪುಟಗಳು ಸಾಲಾಗಿ ಇರುವುದಿಲ್ಲ. ಒಂದನೇ ಪುಟದ ಪಕ್ಕ ಹದಿನಾರು, ಅದರ ಪಕ್ಕ ಹದಿಮೂರು, ಆಮೇಲೆ ನಾಲ್ಕು. ಮೇಲಿನ ಸಾಲು ಪೂರ್ತಿ ತಲೆಕೆಳಗು. ಇನ್ನೊಂದು ಕಡೆ ಬಿಳಿ ಇರುವುದರಿಂದ ಅರ್ಧ ಪುಟಗಳು ಇಲ್ಲವೇ ಇಲ್ಲ. ಒಂದನೇ ಪುಟ ಓದಿದರೆ ಎರಡು, ಮೂರು ಸಿಗುವುದಿಲ್ಲ. ಒಂದಾದ ಮೇಲೆ ನಾಲ್ಕು, ಐದು. ಆಮೇಲೆ ಎಂಟು. ಅವಳು ಹಾಳೆಯ ಸುತ್ತ ತೆವಳಿಕೊಂಡು, ಕತ್ತು ತಿರುಗಿಸಿಕೊಂಡು, ಪುಟಸಂಖ್ಯೆ ಹುಡುಕಿಕೊಂಡು ಓದುತ್ತಿದ್ದಳು. ಪುಟ ಮುಗಿದಾಗಲೆಲ್ಲ ತಲೆ ಎತ್ತಿ ಎಲ್ಲೋ ನೋಡುತ್ತಿದ್ದಳು. ಇಲ್ಲದ ಎರಡು ಪುಟಗಳನ್ನು ಯೋಚಿಸುತ್ತಿದ್ದಳು.

ಒಂದು ದಿನ ಜೋರಾಗಿ ಓದಿದಳು. ಒಬ್ಬ ದರ್ಜಿ ರಾಜನಿಗೆ ಅಂಗಿ ಹೊಲಿಯುತ್ತಿದ್ದಾನೆ. ಅಷ್ಟಕ್ಕೆ ಒಂದನೇ ಪುಟ ಮುಗಿಯಿತು. ನಾಲ್ಕನೇ ಪುಟದಲ್ಲಿ ದರ್ಜಿ ಜೈಲಿನಲ್ಲಿ ಕೂತಿದ್ದಾನೆ.

“ನಡುವೆ ಏನಾಯ್ತು?” ಎಂದು ಮೇಜಿನ ಕೆಳಗಿನಿಂದ ಕೇಳಿದಳು.

“ಇನ್ನೇನಾಗುತ್ತೆ, ರಾಜ ದಪ್ಪ ಆಗಿರ್ತಾನೆ. ತಪ್ಪನ್ನ ದರ್ಜಿ ತಲೆಗೆ ಕಟ್ಟಿರ್ತಾನೆ,” ಎಂದಳು ಗೋಂದಜ್ಜಿ.

“ಬಟ್ಟೆ ಕದ್ದಿರ್ತಾನೆ ಕಣೇ,” ಎಂದಳು ಪಿನ್ ಹೊಡೆಯುವವಳು.

“ಇಲ್ಲ ಅತ್ತೆ. ಐದನೇ ಪುಟದಲ್ಲಿ ರಾಣಿ ಇನ್ನೂ ನಗ್ತಾನೇ ಇದಾಳೆ ಅಂತ ಇದೆ. ಕದ್ದಿದ್ರೆ ಅವಳು ಯಾಕೆ ನಗ್ತಾಳೆ? ಅಂಗಿ ಹಾಕ್ಕೊಂಡಾಗ್ಲೇ ಏನೋ ಆಗಿದೆ.”

“ಎಲ್ಲಿದೆ ಹಾಗಂತ? ತೋರ್ಸು,” ಎಂದು ಗೋಂದಜ್ಜಿ ಕೈಯಲ್ಲಿ ಬ್ರಷ್ಷು ಹಿಡಿದುಕೊಂಡೇ ಬಗ್ಗಿದಳು. ಓದಲು ಬಾರದ ಮುದುಕಿಗೆ ಪಿಟೀಲು ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದಳು. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿ, “ಹೂಂ, ಇದೆ,” ಎಂದಳು. ನಾವೆಲ್ಲ ನಕ್ಕೆವು. ಸಂಜೆ ಎರಡೂ ಕಡೆ ಅಚ್ಚಾದ ಹಾಳೆ ಬಂದಾಗ ನೋಡಿದರೆ, ಊಟ ಮಾಡಿ ಊದಿಕೊಂಡಿದ್ದ ರಾಜನ ಅಂಗಿ ಸಭೆಯಲ್ಲೇ ಹರಿದುಹೋಗಿತ್ತು. ಅಜ್ಜಿ ವಾರವಿಡೀ ಅದನ್ನು ಹೇಳಿಕೊಂಡು ಬೀಗಿದಳು.

ಹೀಗೆ ಎರಡು ವರ್ಷ. ಏಳು ಹೆಂಗಸರು ಮಡಿಸುತ್ತಾ ಯಾಕೆ, ಹೇಗೆ, ಎಲ್ಲಿದೆ ತೋರ್ಸು ಎಂದು ಅವಳ ಜೀವ ತಿನ್ನುತ್ತಿದ್ದೆವು. ಅವಳು ನಮ್ಮ ಜೀವ ತಿನ್ನುತ್ತಿದ್ದಳು. ಮನೆಗೆ ಹೋಗುವ ದಾರಿಯಲ್ಲೂ ಯಾಕೆ. ನೀರಿನ ಟ್ಯಾಂಕಿನ ಮೇಲೆ ಬರೆದಿದ್ದನ್ನು ಓದಿ ಯಾಕೆ. ಬಸ್ಸಿನ ಹಿಂದೆ ಬರೆದಿದ್ದನ್ನು ಓದಿ ಯಾಕೆ. ತಲೆ ಚಿಟ್ಟು ಹಿಡಿದು, “ಬಾಯಿ ಮುಚ್ಚೇ, ಪಿಟೀಲು,” ಎಂದು ಎಷ್ಟು ಸಲ ಗದರಿಸಿದ್ದೇನೋ.

ಎರಡನೇ ತರಗತಿಯಲ್ಲಿ ಪರೀಕ್ಷೆ ಬಂತು. ಆಮೇಲೆ ಆ ಕಾಗದ. ಜೊತೆಗೆ ಚೀಟಿ: ನಾಳೆ ಹತ್ತಕ್ಕೆ ಬಂದು ಸಹಿ ಹಾಕುವುದು.

ಶಾಲೆಗಳು ಶುರುವಾಗುವ ಕಾಲ ನಮಗೆ ರಾತ್ರಿ ಪಾಳಿಯ ಕಾಲ. ಪಾಳಿ ಮುಗಿಸಿ, ಮುಖ ತೊಳೆದು, ನೇರ ಶಾಲೆಗೆ ಹೋದೆ. ತಲೆಯ ತುಂಬ ಕಾಗದದ ಧೂಳು. ತೊಳೆದರೂ ಗೋಂದಿನ ವಾಸನೆ ಹೋಗುವುದಿಲ್ಲ. ತರಗತಿಯ ಬಾಗಿಲಿಗೆ ಹೋಗಿ ನಿಂತೆ.

“ಅಲ್ಲೇ ನಿಲ್ಲಮ್ಮ, ಒಳಗೆ ಬರ್ಬೇಡ. ನೆಲ ಈಗಷ್ಟೇ ಒರೆಸಿದಾರೆ,” ಎಂದರು ಮೇಡಂ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಮೂಗು ಹಿಡಿದುಕೊಂಡಳು. ಪಕ್ಕದವಳು ನಕ್ಕಳು. ಪಿಟೀಲು ಅದನ್ನು ನೋಡಿ ತಲೆ ತಗ್ಗಿಸಿದಳು. ಮೇಡಂ ಕೆಟ್ಟವರಲ್ಲ ಎಂದು ಹೇಳುವವರಿದ್ದಾರೆ. ಇರಬಹುದು. ಬಾಗಿಲಲ್ಲಿ ನಿಂತವಳು ನಾನು.

ಮೇಡಂ ಅಲ್ಲಿಗೇ ಬಂದರು. “ನೋಡಮ್ಮ, ನಿನ್ನ ಮಗಳು ಅಕ್ಷರ ಓದ್ತಾಳೆ, ಅಷ್ಟೇ. ಅರ್ಥ ಆಗಲ್ಲ. ನಿಮಿಷಕ್ಕೆ ಐವತ್ತು ಪದ ಓದ್ಬೇಕು. ಇವಳು ಓದಿದ್ದು ಇಪ್ಪತ್ತೆರಡು.”

“ಯಾಕೆ ಮೇಡಂ? ನಮ್ಮ ಹತ್ರ ಚೆನ್ನಾಗೇ ಓದ್ತಾಳಲ್ಲ.”

“ನಡುನಡುವೆ ನಿಲ್ಲಿಸಿಬಿಡ್ತಾಳೆ. ತಲೆ ಎತ್ಕೊಂಡು ಗೋಡೆ ನೋಡ್ತಾಳೆ. ಕಾರ್ಡು ತಲೆಕೆಳಗು ಮಾಡಿ, ಹಿಂದೆ ತಿರುಗಿಸಿ, ‘ಮಿಕ್ಕ ಪುಟ ಎಲ್ಲಿ’ ಅಂತ ನನ್ನನ್ನೇ ಕೇಳ್ತಾಳೆ. ನಲವತ್ತೆಂಟು ಮಕ್ಕಳಮ್ಮ ನನಗೆ. ಗಡಿಯಾರ ಹಿಡ್ಕೊಂಡು ಕೂತಿದ್ದೆ.”

“ಪ್ರಶ್ನೆ ಕೇಳಿದ್ರಾ?”

“ಕೇಳಿದೆ. ಮೂರರಲ್ಲಿ ಎರಡು ಸರಿ ಇರ್ಬೇಕು. ಮೊದಲೆರಡೂ ತಪ್ಪು. ಎರಡು ತಪ್ಪಾದ್ಮೇಲೆ ಮೂರನೇದು ಕೇಳೋ ಹಾಗಿಲ್ಲ.”

ಕಾರ್ಡು ತೋರಿಸಿ ಎಂದೆ. ಮೇಡಂ ಮುಖ ಸಿಂಡರಿಸಿಕೊಂಡು ಕೊಟ್ಟರು. ಕೂಡಿಸಿ ಕೂಡಿಸಿ ಓದಿದೆ. ‘ಹುಡುಗ ಶಾಲೆಯಿಂದ ಮನೆಗೆ ಬಂದ. ಮಧ್ಯಾಹ್ನವಾಗಿತ್ತು. ಅಮ್ಮ ಮಲಗಿದ್ದಳು. ಹುಡುಗ ಚಪ್ಪಲಿ ಕೈಯಲ್ಲಿ ಹಿಡಿದು ಮೆಲ್ಲಗೆ ಒಳಗೆ ಬಂದ. ಪಾತ್ರೆಯ ಮುಚ್ಚಳ ತೆಗೆದು ನೋಡಿದ. ಮತ್ತೆ ಮುಚ್ಚಿದ. ಎರಡು ಲೋಟ ನೀರು ಕುಡಿದ.’ ಮೊದಲ ಪ್ರಶ್ನೆ, ಅಮ್ಮ ಯಾಕೆ ಮಲಗಿದ್ದಳು? ಮೇಡಂ ಹತ್ತಿರ ಇದ್ದ ಉತ್ತರದ ಹಾಳೆಯಲ್ಲಿ ಬರೆದಿತ್ತು: ಅಮ್ಮನಿಗೆ ಹುಷಾರಿರಲಿಲ್ಲ. ಎರಡನೆಯದು, ಆಮೇಲೆ ಹುಡುಗ ಏನು ಮಾಡಿರಬಹುದು? ಉತ್ತರ: ಡಾಕ್ಟರನ್ನು ಕರೆತಂದ.

“ನನ್ನ ಮಗಳು ಏನು ಹೇಳಿದ್ಲು?”

“ಅಮ್ಮ ರಾತ್ರಿ ಪಾಳಿ ಮಾಡಿ ಬಂದು ಮಲಗಿದಾಳಂತೆ. ಹುಡುಗ ಬಾಗಿಲು ಮುಚ್ಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂತ್ಕೊಂಡನಂತೆ.” ಮೇಡಂ ಸಣ್ಣಗೆ ನಕ್ಕರು. “ಏನಾದ್ರೂ ಸಂಬಂಧ ಇದೆಯಾ?”

ಪಾಳಿ ಮುಗಿಸಿ ಬಂದು ನಾನು ಮಧ್ಯಾಹ್ನ ಮಲಗಿರುತ್ತೇನೆ. ಎದ್ದು ನೋಡಿದರೆ ಅವಳು ಮೆಟ್ಟಿಲ ಮೇಲೆ ಕೂತಿರುತ್ತಾಳೆ. ಯಾಕೆ ಹೊರಗೆ ಕೂತೆ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ. ಆಟ ಆಡುತ್ತಿದ್ದಾಳೆ ಎಂದುಕೊಂಡಿದ್ದೆ.

“ಮೇಡಂ, ಇದು ಸರಿಯಾಗೇ ಇದೆಯಲ್ಲ. ನಮ್ಮನೇಲಿ ಹಾಗೇ ಆಗೋದು.”

“ಇದು ನಿಮ್ಮನೆ ಕಥೆ ಅಲ್ಲಮ್ಮ. ಕಾರ್ಡಲ್ಲಿರೋ ಕಥೆ.”

“ಕಾರ್ಡಲ್ಲಿ ಹುಷಾರಿಲ್ಲ ಅಂತ ಎಲ್ಲಿದೆ ಮೇಡಂ? ತೋರ್ಸಿ.”

ಮೇಡಂ ಒಂದು ಗಳಿಗೆ ಕಾರ್ಡು ನೋಡಿದರು. ನಲವತ್ತೆಂಟು ಮಕ್ಕಳೂ ನಮ್ಮ ಕಡೆಯೇ ನೋಡುತ್ತಿದ್ದರು. “ನನಗೆ ಪಾಠ ಇದೆ. ಸಹಿ ಹಾಕಿ ಹೋಗು,” ಎಂದು ಪೆನ್ನು ಮುಂದೆ ಹಿಡಿದರು. ಹಾಕಿದೆ. ಅಷ್ಟು ಜನರ ಮುಂದೆ ನಿಂತಾಗ ಕೈ ಅವರು ಹೇಳಿದಂತೆ ಕೇಳಿತು. ಆ ಸಿಟ್ಟು ಇವತ್ತಿಗೂ ನನ್ನ ಮೇಲೆ ನನಗಿದೆ.

ಮಾರನೇ ದಿನದಿಂದ ಪಿಟೀಲನ್ನು ಹಿಂದಿನ ಕೋಣೆಗೆ ಹಾಕಿದರು. ಹಿಂದಿನ ಕೋಣೆ ಎಂದರೆ ಮುರಿದ ಬೆಂಚುಗಳನ್ನು ಒಟ್ಟಿದ ಕೋಣೆ. ಕಕ್ಕಸಿನ ಪಕ್ಕ. ಹದಿಮೂರು ಮಕ್ಕಳು. ಟೀಚರು ಎಂದು ಯಾರೂ ಇಲ್ಲ. ಯಾರಿಗೆ ಬಿಡುವಿದೆಯೋ ಅವರು ಬಂದು ಬೋರ್ಡಿನ ಮೇಲೆ ಒಂದಕ್ಷರ ಬರೆದು, ನೂರು ಸಲ ಬರೀರಿ ಎಂದು ಹೇಳಿ ಹೋಗುತ್ತಾರೆ. ಬರೆದು ಮುಗಿಸಿದವರಿಗೆ ಕೆಲಸ. ಕಕ್ಕಸಿಗೆ ಬಕೆಟ್ಟಿನಲ್ಲಿ ನೀರು ಹೊತ್ತು ತರಬೇಕು. ಬೋರ್ಡು ಒರೆಸುವ ಬಟ್ಟೆ ಒಗೆಯಬೇಕು. ಮುಂದಿನ ಕೋಣೆಯ ಮಕ್ಕಳು ಆಟಕ್ಕೆ ಹೋದಾಗ ಅವರ ಬೆಂಚು ಒರೆಸಬೇಕು. ನೆಲ ಒರೆಸಿದಾರೆ ಎಂದು ಮೇಡಂ ಅವತ್ತು ಹೇಳಿದ್ದರಲ್ಲ, ಒರೆಸಿದ್ದು ಯಾರು ಎಂದು ಆಮೇಲೆ ಗೊತ್ತಾಯಿತು.

ಹೊಸ ಓದುವ ಪುಸ್ತಕ ಬಂದಾಗ ಹಿಂದಿನ ಕೋಣೆಗೆ ಕೊಡಲಿಲ್ಲ. ಅರ್ಥವಾಗದವರ ಕೈಗೆ ಕೊಟ್ಟು ಯಾಕೆ ಹಾಳುಮಾಡುವುದು ಎಂದು ಬೀರುವಿನಲ್ಲಿಟ್ಟರು. ನಾನು ಮಡಿಸಿದ ಪುಸ್ತಕ. ನನ್ನ ಬೆರಳು ಕುಯ್ದುಕೊಂಡ ಪುಸ್ತಕ.

ಆ ಕೋಣೆಯಿಂದ ವಾಪಸ್ ಬಂದ ಮಗುವನ್ನು ನಾನು ನೋಡಿಲ್ಲ. ಐದನೇ ತರಗತಿ ಮುಟ್ಟುವಷ್ಟರಲ್ಲಿ ಶಾಲೆ ಬಿಟ್ಟಿರುತ್ತಾರೆ. ನಮ್ಮ ಮೇಜಿನ ಕೊನೆಯಲ್ಲಿ ನಿಲ್ಲುವ ಹುಡುಗಿ ಅಲ್ಲಿಂದಲೇ ಬಂದವಳು. ಮದುವೆಯಾಗಿ ಎರಡು ಮಕ್ಕಳಾದವು. ಪುಟಸಂಖ್ಯೆ ಬಿಟ್ಟು ಬೇರೇನೂ ಓದಲು ಬರುವುದಿಲ್ಲ. ನನ್ನ ಮಗಳು ನನ್ನ ಪಕ್ಕ ನಿಂತು ಮಡಿಸುವುದು ಕಣ್ಣಿಗೆ ಬಂತು.

ಆದರೆ ಅದಕ್ಕಿಂತ ಕೆಟ್ಟದ್ದು ನಮ್ಮ ಕಣ್ಣೆದುರಿಗೇ ಆಗುತ್ತಿತ್ತು. ಪಿಟೀಲು ತನ್ನನ್ನು ತಾನೇ ಸರಿಮಾಡಿಕೊಳ್ಳಲು ಹೊರಟಿದ್ದಳು. ಅಷ್ಟರಲ್ಲಿ ನಮಗೆ ಹಗಲು ಪಾಳಿ ಬಂದಿತ್ತು. ಮೇಜಿನ ಕೆಳಗೆ ಕೂತು ರೈಲು ಬಿಟ್ಟ ಹಾಗೆ ಓದತೊಡಗಿದಳು. ಉಸಿರು ತೆಗೆದುಕೊಳ್ಳುವುದಿಲ್ಲ. ಪುಟದ ಕೊನೆಗೆ ನಿಲ್ಲುವುದಿಲ್ಲ. ಒಂದಾದ ಮೇಲೆ ಹದಿನಾರು, ಹದಿನಾರಾದ ಮೇಲೆ ಹದಿಮೂರು, ಅಡ್ಡಡ್ಡ ಹಾಗೇ ಓದಿಬಿಡುತ್ತಾಳೆ. ತಲೆಕೆಳಗಾದ ಸಾಲನ್ನು ಮುಟ್ಟುವುದೇ ಇಲ್ಲ.

“ಏನೇ ಅದು? ನಡುವೆ ಏನಾಯ್ತೇ?” ಎಂದು ಗೋಂದಜ್ಜಿ ಕೇಳಿದಳು.

“ಅದೆಲ್ಲ ಕೇಳ್ಬೇಡ ಅಜ್ಜಿ. ಹೊತ್ತಾಗುತ್ತೆ,” ಎಂದಳು ನನ್ನ ಮಗಳು.

ಅಜ್ಜಿ ಗೋಂದಿನ ಡಬ್ಬಿಗೆ ಬ್ರಷ್ಷು ಅದ್ದುತ್ತಲೇ ಇದ್ದಳು. ದಾರಿಯಲ್ಲಿ ಬರುವಾಗ ನಾನೇ ನೀರಿನ ಟ್ಯಾಂಕು ತೋರಿಸಿದೆ. ಅಲ್ಲಿ ಯಾರೋ ಹೊಸದೇನೋ ಬರೆದಿದ್ದರು. ನೋಡಿ, ಓದಿ, ನಡೆದಳು. ಯಾಕೆ ಎನ್ನಲಿಲ್ಲ. ಮಗುವಿನ ಬಾಯಿಗೆ ಬೀಗ ಬಿದ್ದಿತ್ತು, ಅದಕ್ಕೆ ನಾನು ಸಹಿ ಹಾಕಿ ಬಂದಿದ್ದೆ.

ಮೂರು ವಾರವಾದ ಮೇಲೆ ಒಂದು ಚೀಟಿ ಬಂತು. ಮೇಲಿನಿಂದ ಸಾಹೇಬರು ಬರುತ್ತಾರೆ, ಹಿಂದಿನ ಕೋಣೆಯ ಮಕ್ಕಳಿಗೆ ಮತ್ತೊಂದು ಸಲ ಪರೀಕ್ಷೆ, ಪೋಷಕರು ಬರಬೇಕು. ಚೀಟಿಯ ಕೆಳಗೆ ಮೇಡಂ ಕೈಬರಹದಲ್ಲಿ ಎರಡು ಸಾಲು: ‘1. ಅಮ್ಮನಿಗೆ ಹುಷಾರಿರಲಿಲ್ಲ. 2. ಡಾಕ್ಟರನ್ನು ಕರೆತಂದ. ಬಾಯಿಪಾಠ ಮಾಡಿಸಿ.’ ಅದೇ ಕಾರ್ಡು, ಅದೇ ಪ್ರಶ್ನೆ. ಎರಡು ಸರಿ ಬಂದರೆ ಸಾಕಲ್ಲ, ಮೂರನೆಯದನ್ನು ಬರೆಯುವ ಶ್ರಮವನ್ನೂ ತೆಗೆದುಕೊಂಡಿರಲಿಲ್ಲ. ಹಿಂದಿನ ಕೋಣೆಯಲ್ಲಿ ಹದಿಮೂರು ಮಕ್ಕಳೆಂದರೆ ಜಾಸ್ತಿಯಾಯಿತಂತೆ, ಶಾಲೆಗೆ ಕೆಟ್ಟ ಹೆಸರಂತೆ.

ಗೋಂದಜ್ಜಿಗೆ ತೋರಿಸಿದೆ. “ಮಾಡ್ಸು ಕಣೇ. ನುಂಗ್ಕೊಂಡು ಮಾಡ್ಸು. ಹುಡುಗಿ ಮೊದ್ಲು ಆ ಕೊಂಪೆಯಿಂದ ಆಚೆ ಬರ್ಲಿ,” ಎಂದಳು. ನನಗೂ ಅದೇ ಸರಿ ಎನಿಸಿತು.

ಮನೆಯಲ್ಲಿ ಕೂರಿಸಿಕೊಂಡೆ. “ಅಮ್ಮ ಯಾಕೆ ಮಲಗಿದ್ದಳು?”

“ಪಾಳಿ ಮಾಡಿ...”

“ಅಲ್ಲ. ಹುಷಾರಿರ್ಲಿಲ್ಲ ಅನ್ನು.”

“ಆದ್ರೆ ಅದರಲ್ಲಿ ಹಾಗೆ ಇಲ್ವಲ್ಲಮ್ಮ.”

“ಇಲ್ದಿದ್ರೆ ಬೇಡ. ನೀನು ಅನ್ನು.”

“ಹುಷಾರಿಲ್ದಿದ್ರೆ ಅವನು ಹಣೆ ಮುಟ್ಟಿ ನೋಡ್ತಿದ್ದ. ಅವನು ಮುಟ್ಲೇ ಇಲ್ಲ. ನೋಡು, ಎಲ್ಲೂ ಇಲ್ಲ.”

ನಾನು ಹೊಡೆದೆ. ಸುಳ್ಳು ಹೇಳುವುದಿಲ್ಲ, ಜೋರಾಗಿಯೇ ಹೊಡೆದೆ. ಕಾಗದ ಉಜ್ಜಿ ಉಜ್ಜಿ ಮರಗಟ್ಟಿದ ಕೈ. ಕೆನ್ನೆ ಮೇಲೆ ನಾಲ್ಕು ಬೆರಳೂ ಎದ್ದವು. ಅವಳು ಅಳಲಿಲ್ಲ. “ಹುಷಾರಿರ್ಲಿಲ್ಲ. ಡಾಕ್ಟರನ್ನು ಕರೆತಂದ,” ಎಂದಳು. ಇನ್ನೊಂದು ಸಲ ಅನ್ನು ಎಂದೆ. ಅಂದಳು. ಇಪ್ಪತ್ತು ಸಲ ಅನ್ನಿಸಿದೆ. ಕೊನೆಗೆ ನಾನೇ ಅತ್ತುಬಿಟ್ಟೆ. ಅವಳು ನನ್ನನ್ನು ನೋಡುತ್ತಾ ಇಪ್ಪತ್ತೊಂದನೆಯ ಸಲ ಹೇಳುತ್ತಿದ್ದಳು.

ಪರೀಕ್ಷೆಯ ದಿನ ಮುಖ್ಯೋಪಾಧ್ಯಾಯರ ಕೋಣೆಯ ಹೊರಗೆ ನಾವು ಹದಿಮೂರು ಮಂದಿ ತಾಯಂದಿರು ಸಾಲಾಗಿ ನಿಂತೆವು. ಇಸ್ತ್ರಿ ಅಂಗಡಿಯವಳು, ಗಾರೆ ಕೆಲಸದವಳು, ಆಸ್ಪತ್ರೆಯಲ್ಲಿ ನೆಲ ಒರೆಸುವವಳು. ಎಲ್ಲರ ಕೈಯಲ್ಲೂ ಅದೇ ಚೀಟಿ. ಎಲ್ಲರೂ ಮಕ್ಕಳಿಂದ ಮೆಲ್ಲಗೆ ಒಪ್ಪಿಸಿಕೊಳ್ಳುತ್ತಿದ್ದರು. ಓಣಿಯ ಉದ್ದಕ್ಕೂ ಹುಷಾರಿರಲಿಲ್ಲ, ಡಾಕ್ಟರನ್ನು ಕರೆತಂದ. ಮೊದಲು ನಮ್ಮನ್ನೇ ಕರೆದರು.

ಸಾಹೇಬರು ಚಿಕ್ಕ ವಯಸ್ಸಿನವರು. ಮುಂದೆ ಫೈಲು, ಪಕ್ಕದಲ್ಲಿ ಮೇಡಂ. ನನಗೆ ಕೂರು ಎನ್ನಲಿಲ್ಲ. ಪಿಟೀಲು ಕಾರ್ಡು ಹಿಡಿದು ಗಡಗಡನೆ ಓದಿದಳು. ಗಡಿಯಾರ ನೋಡಿ ಸಾಹೇಬರು ಹುಬ್ಬೇರಿಸಿದರು. “ಭೇಷ್. ಅಮ್ಮ ಯಾಕೆ ಮಲಗಿದ್ದಳು?”

“ಅಮ್ಮನಿಗೆ ಹುಷಾರಿರಲಿಲ್ಲ.”

“ಹುಡುಗ ಆಮೇಲೆ ಏನು ಮಾಡಿರಬಹುದು?”

“ಡಾಕ್ಟರನ್ನು ಕರೆತಂದ.”

ಮೇಡಂ ನನ್ನ ಕಡೆ ನೋಡಿ ಮುಗುಳ್ನಕ್ಕರು. ಸಾಹೇಬರು ‘ಇಲ್ಲ’ ಎಂಬುದನ್ನು ಗೆರೆ ಎಳೆದು ಹೊಡೆದುಹಾಕಿದರು. ಅಲ್ಲಿಗೆ ಮುಗಿಯಬೇಕಿತ್ತು. ಉತ್ಸಾಹಕ್ಕೋ ಏನೋ, ಅವರು ಮೂರನೆಯದನ್ನೂ ಕೇಳಿಬಿಟ್ಟರು.

“ಹುಡುಗ ನೀರು ಯಾಕೆ ಕುಡಿದ?”

ಇದು ಚೀಟಿಯಲ್ಲಿರಲಿಲ್ಲ. ಪಿಟೀಲು ತಿರುಗಿ ನನ್ನನ್ನು ನೋಡಿದಳು. “ಅಮ್ಮಾ, ಇದಕ್ಕೆ ಏನು ಅನ್ಬೇಕು?”

ಅವಳಿಗೆ ಗೊತ್ತಿತ್ತು. ಅವಳ ಕಣ್ಣಿನಲ್ಲೇ ಇತ್ತು. ಗೊತ್ತಿದ್ದೂ ನನ್ನ ಅಪ್ಪಣೆಗೆ ಕಾಯುತ್ತಿದ್ದಳು. ಹಿಂದಿನ ಕೋಣೆ ಅವಳನ್ನು ಇಷ್ಟು ಮಾಡಿರಲಿಲ್ಲ. ನಾನು ಮಾಡಿದ್ದೆ, ಈ ಕೈಯಿಂದ.

“ನಿನಗೆ ಏನು ತಿಳೀತೋ ಅದನ್ನ ಹೇಳು ಮಗಾ,” ಎಂದೆ.

“ಹೊಡೆಯಲ್ವಾ?”

“ಹೊಡೆಯಲ್ಲ.”

ಅವಳು ಕಾರ್ಡು ತೆಗೆದುಕೊಂಡು ಮತ್ತೆ ಓದಿದಳು. ನಿಧಾನವಾಗಿ. ನಿಂತು ಗೋಡೆ ನೋಡಿದಳು. ಸಾಹೇಬರು ಪೆನ್ನು ಕುಟ್ಟಿದರು. ಅವಳು ಅವಸರ ಮಾಡಲಿಲ್ಲ.

“ಹಸಿವಾಗಿತ್ತು ಸರ್. ಮುಚ್ಚಳ ತೆಗೆದು ನೋಡಿದ, ಏನೂ ಇರ್ಲಿಲ್ಲ. ಇದ್ದಿದ್ರೆ ತಿಂತಿದ್ದ. ಅಮ್ಮನ್ನ ಎಬ್ಬಿಸ್ಬಾರದು ಅಂತ ನೀರು ಕುಡ್ಕೊಂಡ. ಒಂದು ಲೋಟ ಬಾಯಾರಿಕೆಗೆ. ಎರಡನೇದು ಹೊಟ್ಟೆಗೆ.” ಆಮೇಲೆ ಕಾರ್ಡನ್ನು ಮೇಜಿನ ಮೇಲಿಟ್ಟು ಹೇಳಿದಳು, “ಅಮ್ಮಂಗೆ ಹುಷಾರಾಗೇ ಇದೆ ಸರ್. ಮೊದ್ಲು ಹೇಳಿದ್ದು ನಾನು ಒಪ್ಸಿದ್ದು. ಅದು ಸುಳ್ಳು.”

ಮೇಡಂ ಮುಖ ಕೆಂಪಾಯಿತು. ಸಾಹೇಬರು ಉತ್ತರದ ಹಾಳೆ ನೋಡಿಕೊಂಡು, “ಇಲ್ಲಿ ಬಾಯಾರಿಕೆ ಅಂತಿದೆ,” ಎಂದರು. ಆಮೇಲೆ ದೊಡ್ಡ ಮನಸ್ಸು ಮಾಡಿದವರ ಹಾಗೆ, “ಇರ್ಲಿ ಬಿಡಿ. ಮೊದಲೆರಡು ಸರಿ ಹೇಳಿದಾಳೆ. ಎರಡು ಸಾಕು. ‘ಇದೆ’ ಅಂತ ಬರ್ದಿದೀನಿ. ಸಹಿ ಹಾಕಮ್ಮ, ನಾಳೆಯಿಂದ ಮುಂದಿನ ಕೋಣೇಲಿ ಕೂರ್ಲಿ,” ಎಂದರು.

ಕಾಗದ ನನ್ನ ಕಡೆ ತಳ್ಳಿದರು. ಮೇಲೆ ಪೆನ್ನು. ಮುಂದಿನ ಕೋಣೆ, ಹೊಸ ಪುಸ್ತಕ, ಮೇಡಂ, ಎಲ್ಲ ಅಲ್ಲೇ ಇತ್ತು. ಕೈ ಚಾಚಿದರೆ ಆಗಿತ್ತು. ನನ್ನ ಕೈ ಏಳಲಿಲ್ಲ.

“ಹಾಕಲ್ಲ ಸರ್.”

“ಏನು?”

“ಹಾಕಲ್ಲ ಅಂದೆ. ಅರ್ಥ ಮಾಡ್ಕೊಂಡು ಹೇಳ್ದಾಗ ಇಲ್ಲ ಅಂತ ಬರೆದ್ರಿ. ಅದಕ್ಕೆ ಸಹಿ ಹಾಕ್ದೆ. ಇವತ್ತು ಹೊಡೆಸ್ಕೊಂಡು ಕಲಿತಿದ್ದನ್ನ ಒಪ್ಸಿದ್ಲು, ಇದೆ ಅಂತ ಬರೀತೀರಿ. ಇವಳಿಗೆ ತಿಳಿದಿದ್ದು ಇವಳು ಕೊನೆಗೆ ಹೇಳಿದ್ದು. ಅದನ್ನ ಬರ್ಕೊಳ್ಳಿ. ಹಾಕ್ತೀನಿ.”

“ಅದನ್ನೆಲ್ಲ ಬರೆಯೋಕೆ ಇದರಲ್ಲಿ ಜಾಗ ಇಲ್ಲಮ್ಮ. ಇದೆ ಅಥವಾ ಇಲ್ಲ, ಅಷ್ಟೇ.”

“ಜಾಗ ಇದೆ ಸರ್. ಈ ಕಾಗದ ಮಡಿಸಿದ್ದು ನಾನು. ಹಿಂದುಗಡೆ ಪೂರ್ತಿ ಖಾಲಿ.”

ಸಾಹೇಬರು ಕಾಗದ ತಿರುಗಿಸಿ ನೋಡಿದರು, ಅಚ್ಚ ಬಿಳಿ. ನಾನು ಕೇಳಲಿಲ್ಲ. ಅವರ ಕೈಯಿಂದ ತೆಗೆದುಕೊಂಡು, ಮಡಿಕೆ ಬಿಡಿಸಿ, ಅಂಗೈಯಿಂದ ಉಜ್ಜಿ ಸಮ ಮಾಡಿ ಪಿಟೀಲಿನ ಮುಂದಿಟ್ಟೆ. ಸಾಹೇಬರ ಪೆನ್ನನ್ನೇ ಕೊಟ್ಟೆ. ಅವಳು ಮಂಡಿಯೂರಿ, ಕುರ್ಚಿಯ ಮೇಲೆ ಕಾಗದ ಇಟ್ಟುಕೊಂಡು ಬರೆದಳು. ಒಂದೊಂದಕ್ಷರ ದಪ್ಪಕ್ಕೆ. ಮೇಡಂ, “ಎಷ್ಟು ಕೊಬ್ಬು ನೋಡಿ ಸರ್,” ಎಂದರು. ಇರಲಿ. ಹದಿಮೂರು ಮಕ್ಕಳ ಕೈಯಲ್ಲಿ ಕಕ್ಕಸಿಗೆ ನೀರು ಹೊರಿಸುವಾಗ ಯಾರಿಗೂ ಕೊಬ್ಬು ಕಾಣಲಿಲ್ಲ. ಅವಳು ಬರೆದು ಮುಗಿಸುವವರೆಗೂ ನಾನು ಅಡ್ಡ ನಿಂತಿದ್ದೆ. ಕೊನೆಗೆ ಅದರ ಕೆಳಗೆ ನನ್ನ ಸಹಿ ಹಾಕಿದೆ.

“ಇದು ನಡೆಯಲ್ಲ,” ಎಂದರು ಸಾಹೇಬರು. “ಹಿಂದೆ ಬರೆದಿದ್ದು ಲೆಕ್ಕಕ್ಕೆ ಬರಲ್ಲ. ಮುಂದೆ ಸಹಿ ಇಲ್ದಿದ್ರೆ ಮಗು ಅದೇ ಕೋಣೇಲಿ ಇರುತ್ತೆ. ಆಮೇಲೆ ನನ್ನ ಹತ್ರ ಅಳ್ಬೇಡ.”

“ಅಳಲ್ಲ ಸರ್. ನಾಳೆ ಬೆಳಿಗ್ಗೆ ಬರ್ತೀನಿ. ಬಕೆಟ್ಟು ಹೊರೋದು ಬೇಡ, ಬೀರು ಬೀಗ ತೆಗೀರಿ ಅಂತ ಕೇಳ್ತೀನಿ. ದಿನಾ ಬರ್ತೀನಿ. ಪಾಳಿಗೆ ಹೇಗೂ ಈ ದಾರೀಲೇ ಹೋಗ್ಬೇಕು.”

ಸಾಹೇಬರು ಕಾಗದ ಮಡಿಸಿ ಫೈಲಿಗೆ ಹಾಕಿದರು. ಬರೆದ ಭಾಗ ಒಳಗೆ ಹೋಗುವ ಹಾಗೆ ಮಡಿಸಿದರು, ನಾನು ನೋಡಿದೆ. ಬಾಗಿಲು ತೆರೆದೇ ಇತ್ತು. ಓಣಿಯಲ್ಲಿ ನಿಂತವರು ಎಲ್ಲ ಕೇಳಿಸಿಕೊಂಡಿದ್ದರು. ಗಾರೆ ಕೆಲಸದವಳು ನನ್ನ ಮುಖ ನೋಡದೆ ಪಕ್ಕಕ್ಕೆ ಸರಿದಳು. ಅವಳಿಗೆ ಮಗ ಮುಂದಿನ ಕೋಣೆಗೆ ಹೋದರೆ ಸಾಕಿತ್ತು, ತಪ್ಪೇನಲ್ಲ. ಇಸ್ತ್ರಿ ಅಂಗಡಿಯವಳು ಮಾತ್ರ ಚೀಟಿಯನ್ನು ಮುದುರಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ತನ್ನ ಮಗನ ಹೆಗಲು ಹಿಡಿದು, “ನೀನೂ ನಿನಗೆ ತಿಳಿದಿದ್ದೇ ಹೇಳೋ,” ಎಂದು ಒಳಗೆ ತಳ್ಳಿದಳು. ಒಳಗೆ ಏನಾಯಿತೋ ನಾನು ನಿಂತು ಕೇಳಲಿಲ್ಲ. ಅರ್ಧ ದಿನದ ರಜೆ ಮುಗಿಯುತ್ತಾ ಬಂದಿತ್ತು, ಪಾಳಿಗೆ ಹೊತ್ತಾಗಿತ್ತು.

ಬೀದಿಗೆ ಬಂದೆವು. ಬಿಸಿಲು ಚುರುಗುಡುತ್ತಿತ್ತು. ಪಿಟೀಲು ನನ್ನ ಕೈ ಹಿಡಿದುಕೊಂಡು ಸುಮಾರು ದೂರ ನಡೆದಳು. ಮಗಳ ಬದುಕಿಗೆ ಕೈಯಾರೆ ಕಲ್ಲು ಹಾಕಿ ಬಂದೆನೇ ಎಂದು ನನ್ನನ್ನೇ ಕೇಳಿಕೊಳ್ಳುತ್ತಾ ಹೆಜ್ಜೆ ಹಾಕಿದೆ.

“ಅಮ್ಮಾ, ಆ ಸರ್‌ಗೆ ನಾನು ಬರ್ದಿದ್ದು ಅರ್ಥ ಆಗ್ಲಿಲ್ವಾ?”

“ಆಯ್ತು ಮಗಾ. ಚೆನ್ನಾಗೇ ಅರ್ಥ ಆಯ್ತು. ಅದಕ್ಕೇ ಒಳಗೆ ಹಾಕಿ ಮಡಿಸಿದ್ರು.”

ಅವಳು ನಿಂತಳು. ತಲೆ ಎತ್ತಿ ಎಲ್ಲೋ ನೋಡಿದಳು. ಹಿಂದಿನಿಂದ ಬಂದ ಸೈಕಲ್ಲಿನವನು ಬೆಲ್ಲು ಹೊಡೆದು, ಬೈದುಕೊಂಡು ಸುತ್ತುಹಾಕಿ ಹೋದ. ಅವಳು ಕದಲಲಿಲ್ಲ. ಪಾಳಿಗೆ ಹೊತ್ತಾಗುತ್ತಿದ್ದರೂ ನಾನೂ ನಿಂತೆ.

“ಯಾಕೆ?” ಎಂದಳು.